ಎಂಟು ಫೆ

ಫ ಬೇಕಾದಷ್ಟಿತ್ತು ನಮ್ಮ ಪ್ರೆಸ್ಸಿನ್ಯಾಗ.
ಗದಗ ಸೀಮಿ, ಓಣಿಗೆ ನಾಕು ಮಂದಿ ಫಕೀರಪ್ಪ,
ಫ ಇಲ್ಲದ ನಡೀತಿತ್ತೇನು?
ಫೆ ಮಾತ್ರ ಎಂಟ.
ಫೆಬ್ರುವರಿ ಲಗ್ನಪತ್ರಿಕೆಗೆ ಅಂತ
ಮಾಲಕರು ಎಣಿಸಿ ತರಿಸಿದ್ದು.

ಅಂಥಾದ್ರಾಗ ಬೆಟಗೇರಿ ಹೆಣ್ಣುಮಕ್ಕಳ ಸಾಲಿ
ಅಂಬಾಬಾಯಿ ಅಕ್ಕೋರು ಟಾಂಗಾದಿಂದ ಇಳಿದು
ಕಲ್ಲಿನ ಮ್ಯಾಲೆ ಕೈಬರಹ ಇಟ್ಟರು.
ಮಕ್ಕಳಿಗೆ ಪುಸ್ತಕ, ನಲವತ್ತು ಪುಟ,
ಅಥೆನ್ಸದ ಮುಂದಾಳು, ಹೆಸರು ಫೋಕಿಯೋನ್.
ಫೋಕಿಯೋನನು ಬರಿಗಾಲಲ್ಲಿ ನಡೆದನು.
ಫೋಕಿಯೋನನು ನಕ್ಕಿದ್ದನ್ನು ಯಾರೂ ಕಾಣಲಿಲ್ಲ.
ಫೋಕಿಯೋನನು ಅತ್ತಿದ್ದನ್ನೂ.

"ಅಕ್ಕೋರ, ಈ ಮನಿಷಾನ್ನ ಹೊಂದಸಾಕ
ನನ್ನ ಕಡೆ ಮೊಳಿ ಇಲ್ರೀ."
ಅವರು ಚಾಳೀಸ ಒರಸಿದರು.
"ಎಂಟು ಸಲ ಹೆಸರ ಹಿಡೀರಿ, ದಾವಲಸಾಬ.
ಆಮ್ಯಾಲೆ ಬರೇ 'ಆತ' ಅನ್ರಿ.
ಅಷ್ಟರಾಗ ಅವನ ಜೀವನ ನಡದಿತ್ತು."

ಮೊಳಿ ಓದೋದು ತಲಿಕೆಳಗ, ಎಡಬಲ ಅದಲಾಬದಲಿ.
ನನಗ ಆತ ಹಂಗ ಸಿಕ್ಕ, ಒಂದೊಂದ ಅಕ್ಷರ, ಸೀಸದ ವಜ್ಜಿ ಸಮೇತ.

ನಲವತ್ತೈದು ಸಲ ದಂಡಿನ ಮುಂದಾಳು,
ಒಮ್ಮೆನೂ ಆರಿಸ್ರಿ ಅನಲಿಲ್ಲ,
ಆರಿಸೋ ದಿನ ಸಭಾದಾಗ ಇರತಿದ್ದಿಲ್ಲ.
ಆತ ಶಾಲು ಹೊದ್ದರ ಸಿಪಾಯಿಗೋಳು ಅಂತಿದ್ರಂತ,
ಈ ಸಲ ಚಳಿ ಖರೇನ ಐತಿ.
ಹೇಣತಿ ಹಿಟ್ಟು ನಾದತಿದ್ಲು,
ಆತ ಬಾವಿಗೆ ಹಗ್ಗ ಬಿಡತಿದ್ದ.
ಬಾದಶಹಾ ಕಳಿಸಿದ ರೊಕ್ಕ ಅಂಗಳದಾಗ ನಿಂತಿತ್ತು.
"ಇಷ್ಟು ಮಂದ್ಯಾಗ ನನಗ ಒಬ್ಬಗ ಯಾಕ?"
"ನೀ ಒಬ್ಬನ ಚಲೋ ಮನಿಷಾ ಅಂತ."
"ಹಂಗಾರ ಹಂಗ ಇರಾಕ ಬಿಡ್ರಿ."

ಒಂದಿನ ಆತನ ಮಾತಿಗೆ ಊರಿಗೂರ ಚಪ್ಪಾಳಿ ಹೊಡೀತು.
ಆತ ಗೆಳ್ಯಾನ ಕಡೆ ಹೊರಳಿ ಕೇಳಿದ:
"ಬಾಯಿ ತಪ್ಪಿ ಏನರ ಕೆಟ್ಟದ್ದ ಆಡಿದೆನೇನು?"

ಇಲ್ಲಿ ನಾ ನಕ್ಕೆ. ಸ್ಟಿಕ್ ಅಳಗ್ಯಾಡಿ ಸಾಲು ಚೆಲ್ಲಿತು.
ಬಾಜೂ ಟ್ರೆಡಲ್ ಮ್ಯಾಲೆ ಮುನಸಿಪಾಲ್ಟಿ ಇಲೆಕ್ಷನ್ ಓಡತಿತ್ತು,
ಗುಲಾಬಿ ಕಾಗದ, ಕಟಗಿ ಅಕ್ಷರದಾಗ ಪರ್ವತಗೌಡ್ರು,
ಜನ ಮೆಚ್ಚಿದ, ಜನ ಮೆಚ್ಚಿದ, ಜನ ಮೆಚ್ಚಿದ,
ತಾಸಿಗೆ ಎಂಟುನೂರು.
ಗೌಡ್ರು ಕೆಟ್ಟವರಲ್ಲ, ಇದನ್ನೂ ಹೇಳಬೇಕು.
ನನ್ನ ಮಗಳಿಗೆ ಹೊಟ್ಟಿಬ್ಯಾನಿ ಎದ್ದಾಗ
ನಡುರಾತ್ರಿ ಜೀಪ ಕೊಟ್ಟಿದ್ರು.
ಅವರಿಗೆ ಚಪ್ಪಾಳಿ ಸೇರತಿತ್ತು, ಅಷ್ಟ.

ಆತನೂ ತಪ್ಪಿದ್ದ. ಯಾರನ್ನೋ ನಂಬಿ ಕುಂತ,
ಬಂದರು ಕೈ ಬಿಟ್ಟು ಹೋತು.
ಪ್ರೂಫಿನ್ಯಾಗ ಕೇಳಿದೆ, "ಅಕ್ಕೋರ, ಈ ಸಾಲು ತಗೀಲೇನು?
ಸಣ್ಣ ಮಕ್ಕಳು ಓದೋದು."
"ಅದಕ್ಕ ಇರಲಿ," ಅಂದರು.

ಕಡೀ ಫಾರ್ಮು. ಮಂದಿ ಕೈ ಎತ್ತಿ ಆತಗ ಸಾವು ಬರದ್ರು.
ವಿಷ ಅರಿಯಾಂವ ಅಂದ, ಮುಗದೈತಿ,
ಹನ್ನೆರಡು ನಾಣ್ಯ ಕೊಟ್ಟರ ಮತ್ತ ಅರೀತೇನಿ.
ಆತ ಗೆಳ್ಯಾಗ: "ಕೊಟ್ಟಬಿಡು ಮಾರಾಯಾ,
ಈ ಊರಾಗ ಸಾಯಾಕೂ ಬಿಟ್ಟಿ ಇಲ್ಲ."
ಮಗಗೇನು ಹೇಳೂನು?
"ಊರಿನ ಮ್ಯಾಲೆ ಸಿಟ್ಟ ಇಟಗೋಬ್ಯಾಡ ಅನ್ನು."

ಫೆ ಒಂದ ಉಳದಿತ್ತು, ಎಂಟನೇದು.
ಎಲ್ಲಿ ಹಾಕಲಿ ಅಂತ ಅಕ್ಕೋರನ್ನ ಕೇಳಾಕ ಹೋಗಲಿಲ್ಲ.
ಪರವೂರ ಹೆಣಮಗಳೊಬ್ಬಾಕಿ ರಾತ್ರಿ
ಎಲುವು ಆರಿಸಿ ಉಡಿಯಾಗ ಕಟಗೊಂಡು
ತನ್ನ ಒಲಿ ಬಾಜೂಕ ಹುಗದ್ಲಲ್ಲ,
ಆ ಸಾಲಿನ್ಯಾಗ ಹಾಕಿದೆ.

ಮುನ್ನೂರು ಪ್ರತಿ. ಅಕ್ಕೋರು ಪಗಾರದಾಗ
ಮೂರು ಕಂತು ಮಾಡಿ ಬಿಲ್ಲು ತೀರಿಸಿದರು.

ಈಗ ಪ್ರೆಸ್ಸಿಲ್ಲ. ಸೀಸ ಕಿಲೋ ಲೆಕ್ಕದಾಗ ಹೋದ ದಿನ
ಒಂದು ಫೆ ಕಿಸೆದಾಗ ಹಾಕ್ಕೊಂಡಿದ್ದೆ.
ಗೇಟಿನ ತನಕ ಹೋಗಿ, ತಿರುಗಿ ಬಂದು,
ತಕ್ಕಡಿ ಮ್ಯಾಲೆ ಒಗದೆ.
ತೂಗಾಂವ ಮುಖ ಎತ್ತಿ ನೋಡಲಿಲ್ಲ.

ಬೆರಳಿಗೆ ಇನ್ನೂ ಗೊತ್ತೈತಿ ಆ ಮನಿ:
ಮ್ಯಾಲಿನ ಕೇಸು, ಬಲಗಡೆ ಮೂಲಿ,
ಎಂಟ.